ಕುಟುಂಬ ಸಂಖ್ಯೆ ಎರಡು

ನಲವತ್ತೊಂದನೇ ನಂಬರಿನ ಮನೆಯಲ್ಲಿ ಎರಡು ಕುಟುಂಬಗಳಿವೆ ಎಂದು ಜನಗಣತಿಯ ಹಾಳೆ ಹೇಳುತ್ತಿತ್ತು. ಅವನು ಮೊದಲು ನಕ್ಕ. ನೂರು ಮನೆಗಳ ಒಂದು ಬ್ಲಾಕಿನಲ್ಲಿ ಇಂಥ ಒಂದೆರಡು ಎಡವಟ್ಟು ಇಲ್ಲದಿದ್ದರೆ ಆ ಗಣತಿಯನ್ನೇ ಅನುಮಾನಿಸಬೇಕು ಎಂದು ತರಬೇತಿಯಲ್ಲಿ ಅವನೇ ಗಣತಿದಾರರಿಗೆ ಹೇಳಿ ನಗಿಸಿದ್ದುಂಟು. ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡ. ಕುಟುಂಬ ಸಂಖ್ಯೆ ಒಂದು: ಯಜಮಾನ, ಗಂಡು, ಐವತ್ತು ವರ್ಷ, ನಗರ ಯೋಜನಾ ಕಚೇರಿಯಲ್ಲಿ ಕೆಲಸ, ಹೆಂಡತಿ, ನಲವತ್ತಾರು, ಔಷಧಿ ಅಂಗಡಿಯಲ್ಲಿ ಕೆಲಸ, ಮಗಳು, ಹದಿನೇಳು, ವಿದ್ಯಾರ್ಥಿನಿ. ಒಟ್ಟು ಮೂರು. ಅದು ಅವನ ಮನೆ. ಕೆಳಗಿನ ಗೆರೆಯಲ್ಲಿ ಕುಟುಂಬ ಸಂಖ್ಯೆ ಎರಡು: ಯಜಮಾನಿ, ಹೆಣ್ಣು, ಅರವತ್ತಮೂರು, ಮದುವೆಯಾಗಿಲ್ಲ, ನಿವೃತ್ತೆ, ಅಡುಗೆಮನೆ ಬೇರೆ. ಒಟ್ಟು ಒಂದು. ಅದು ಅವನ ಅಕ್ಕ. ನಗು ಮುಖದ ಮೇಲೆ ಹಾಗೇ ಉಳಿದುಬಿಟ್ಟಿತ್ತು, ಅದನ್ನು ತೆಗೆಯುವುದು ಹೇಗೆಂದು ತಿಳಿಯಲಿಲ್ಲ. ಪಕ್ಕದ ಮೇಜಿನ ನಕ್ಷೆಗಾರ ತಲೆಯೆತ್ತಿ, ಏನೋ ತಮಾಷೆ ಇದೆಯೆಂದುಕೊಂಡು ತಾನೂ ಸ್ವಲ್ಪ ನಕ್ಕ. ಅವನು ಹಾಳೆಯನ್ನು ಮಗುಚಿಟ್ಟ.

ಅರ್ಧ ಗಂಟೆಯ ಹಿಂದೆ ಇದೇ ಅವನು ನಿರ್ದೇಶಕರ ಕೋಣೆಯಲ್ಲಿ ಪರದೆಯ ಮುಂದೆ ನಿಂತು ಹದಿನೇಳನೇ ವಾರ್ಡನ್ನು ಹೊಗಳುತ್ತಿದ್ದ. ಹತ್ತು ವರ್ಷದ ಹಿಂದೆ ಒಬ್ಬರೇ ಇರುವ ಕುಟುಂಬಗಳು ಇನ್ನೂರ ಹದಿನಾಲ್ಕು, ಈಗ ನಾನೂರ ಮೂವತ್ತೊಂದು. ಕುಟುಂಬದ ಸರಾಸರಿ ಗಾತ್ರ ನಾಲ್ಕು ಚಿಲ್ಲರೆಯಿಂದ ಮೂರಕ್ಕೆ ಇಳಿದಿದೆ. ತಲೆಗಳು ಹೆಚ್ಚದಿದ್ದರೂ ಕುಟುಂಬಗಳು ಹೆಚ್ಚಿವೆ. ಅಂದರೆ ಬಾಗಿಲು ಹೆಚ್ಚು ಬೇಕು, ಮೀಟರು ಹೆಚ್ಚು ಬೇಕು, ಸಣ್ಣ ಮನೆ ಕಟ್ಟುವವರಿಗೆ, ಅದಕ್ಕೆ ಸಾಮಾನು ಮಾರುವವರಿಗೆ ಕೆಲಸ ಹುಟ್ಟುತ್ತದೆ. ಬೇರೆಯಾಗಿ ಬದುಕುವ ಶಕ್ತಿ ಬರುವುದೇ ಅಭಿವೃದ್ಧಿಯ ಲಕ್ಷಣ ಎಂದು ಅವನು ಕೊನೆಯ ವಾಕ್ಯವನ್ನು ನಿಧಾನವಾಗಿ, ಎಲ್ಲರೂ ಬರೆದುಕೊಳ್ಳಲಿ ಎಂಬಂತೆ ಹೇಳಿದ. ನಿರ್ದೇಶಕರು ಬರೆದುಕೊಂಡೂ ಬಿಟ್ಟರು. ಬರೆದುಕೊಳ್ಳದವರು ಅಂಕಿಅಂಶ ವಿಭಾಗದ ಮೇಡಂ ಒಬ್ಬರೇ. ಮೂರು ಎಂದರೆ ಮೂರು ಪಾಯಿಂಟ್ ಎಷ್ಟು ಎಂದು ಕೇಳುವ ಅವರ ಚಾಳಿಗೆ ಕಚೇರಿಯವರು ದಶಮಾಂಶ ಎಂದು ಹೆಸರಿಟ್ಟಿದ್ದರು. 'ಅಚ್ಚಿಗೆ ಕೊಡೋ ಮುಂಚೆ ಒಂದು ಬ್ಲಾಕಿಗೆ ಹೋಗಿ ನೋಡ್ಕೊಂಡು ಬನ್ನಿ. ಅಷ್ಟು ಜನ ನಿಜವಾಗ್ಲೂ ಬೇರೆ ಇದಾರಾ, ಇಲ್ಲ ಕಾಗದದಲ್ಲಿ ಮಾತ್ರ ಬೇರೆಯಾಗಿದಾರಾ ಅಂತ' ಎಂದು ಕಣ್ಣುಮುಚ್ಚಿ ಒಂದು ಲಕೋಟೆ ಎಳೆದು ಅವನ ಕೈಗೆ ಕೊಟ್ಟಿದ್ದರು. ಲಕೋಟೆಯ ಮೇಲೆ ಬ್ಲಾಕಿನ ನಂಬರು ಬಿಟ್ಟರೆ ಇನ್ನೇನೂ ಇರಲಿಲ್ಲ. ಅದು ತನ್ನದೇ ಬೀದಿ ಎಂದು ಒಡೆದ ಮೇಲಷ್ಟೇ ಗೊತ್ತಾಯಿತು. ಆಗಲೇ ಎದ್ದು ಹೋಗಿ, ಮೇಡಂ, ಇದರಲ್ಲಿ ನನ್ನ ಮನೆಯೂ ಇದೆ, ಬೇರೆಯವರನ್ನು ಕಳಿಸಿ ಎಂದು ಹೇಳಬೇಕಿತ್ತು. ಹೇಳಿದರೆ ಅವರು ಹಾಳೆಯನ್ನು ಓದುತ್ತಾರೆ.

ಒಂದು ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಒಟ್ಟಿಗೆ ಉಣ್ಣುವವರು ಒಂದು ಕುಟುಂಬ. ರಕ್ತ ಸಂಬಂಧ ಕೇಳಬೇಡಿ, ಪ್ರೀತಿ ಕೇಳಬೇಡಿ, ಒಲೆ ಎಷ್ಟು ಅಂತ ಕೇಳಿ. ಇದು ತರಬೇತಿಯ ಮೊದಲ ದಿನ ಅವನು ಹೇಳುವ ಮಾತು. ಹಾಗಾದರೆ ಅಕ್ಕನ ಒಲೆ ಯಾವುದು? ಅವಳು ಹಿಂದಿನ ಕೋಣೆಯಲ್ಲಿರುವುದು ಹೌದು. ಮಗಳಿಗೆ ಓದಲು ಕೋಣೆ ಬೇಕೆಂದಾಗ ತಾನೇ ಮಂಚ ಎಳೆದುಕೊಂಡು ಹೋದವಳು. ಆದರೆ ಊಟ? ಅವನು ಎಂಟಕ್ಕೆ ಮನೆ ಬಿಡುತ್ತಾನೆ, ಮಧ್ಯಾಹ್ನದ್ದು ಕಚೇರಿಯಲ್ಲಿ, ಸಂಜೆಯದು ಕಂಪ್ಯೂಟರಿನ ಮುಂದೆ. ಭಾನುವಾರಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಲು ನೋಡಿದ. ಅಕ್ಕ ಮೇಜಿನ ತುದಿಯಲ್ಲಿ ಕೂತಿರುತ್ತಾಳೆ, ಮಗಳ ಕಾಲೇಜಿನ ಕಥೆ ಕೇಳಿ ನಗುತ್ತಾಳೆ. ಅವಳ ಮುಂದೆ ಒಂದು ಲೋಟ ನೀರಿರುತ್ತದೆ. ತಟ್ಟೆ? ಎಷ್ಟು ತಿಣುಕಿದರೂ ಅವಳ ಮುಂದೆ ತಟ್ಟೆ ಕಾಣಲಿಲ್ಲ. ಲೋಟ ಮಾತ್ರ ಕಂಡಿತು, ಅದರ ಅಂಚಿನ ಸಣ್ಣ ನೆಗ್ಗು ಕೂಡ. ಮೊಬೈಲು ತೆಗೆದುಕೊಂಡು ಮೆಟ್ಟಿಲ ಕಡೆಗೆ ಹೋಗಿ ಹೆಂಡತಿಗೆ ಫೋನು ಮಾಡಿದ.

'ಅಕ್ಕ ಬೇರೆ ಅಡುಗೆ ಮಾಡ್ಕೋತಾಳಾ?'

ಆ ಕಡೆ ಯಾರಿಗೋ ಮಾತ್ರೆ ಎಣಿಸಿ ಕೊಡುತ್ತಿದ್ದ ಸದ್ದು. 'ಇದೇನು ಇವತ್ತು ಕೇಳ್ತಿದೀರಿ?'

'ಎಷ್ಟು ದಿನದಿಂದ?'

'ಹತ್ತು ತಿಂಗಳಾಯ್ತೇನೋ. ನಾನು ಬೇಡ ಅಂದೆ, ನಾಲ್ಕು ಸಲ ಹೇಳ್ದೆ. ಇರಲಿ ಬಿಡಮ್ಮ, ನನಗೆ ಹೀಗೇ ಸರಿ ಅಂದ್ರು. ಅಕ್ಕ ತಮ್ಮ ಮಾತಾಡ್ಕೊಂಡಿದೀರಿ ಅಂದ್ಕೊಂಡೆ.' ದನಿ ಇಳಿಸಿ, 'ನಿಮಗೆ ಗೊತ್ತಿರ್ಲಿಲ್ವಾ?' ಎಂದಳು.

ಗೊತ್ತಿಲ್ಲದೆ ಏನು ಎಂದು ಸುಳ್ಳು ಹೇಳಿ ಫೋನಿಟ್ಟ. ಇಡೀ ವಾರ್ಡಿನಲ್ಲಿ ಎಷ್ಟು ಮನೆಗೆ ಎಷ್ಟು ಕೋಣೆ, ಎಷ್ಟು ನಲ್ಲಿ, ಎಷ್ಟು ಕೈ ದುಡಿಯುತ್ತವೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಗಂಡಸು; ತನ್ನ ಮನೆಯಲ್ಲಿ ಒಲೆ ಎರಡಾಗಿ ಹತ್ತು ತಿಂಗಳಾದದ್ದು ಮೇಲಧಿಕಾರಿ ಕೊಟ್ಟ ಲಕೋಟೆಯಿಂದ ತಿಳಿಯಬೇಕಾಯಿತು. ಮೊದಲು ಹೆಂಡತಿಯ ಮೇಲೆ ಸಿಟ್ಟು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಮೇಲೆ ಅಕ್ಕನ ಮೇಲೆ ಬಂತು: ಯಾರೋ ಬೀದಿಯಲ್ಲಿ ಹೋಗುವವರಿಗೆ ಬರೆಸಿದವಳು ನನಗೆ ಒಂದು ಮಾತು ಹೇಳಬಾರದಿತ್ತೇ? ಅವನಿಗೆ ಹನ್ನೊಂದು ವರ್ಷವಾದಾಗ ತಾಯಿ ಹೋದಳು. ಆಗ ಇಪ್ಪತ್ತನಾಲ್ಕರ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಕಟ್ಟಿಕೊಂಡು ಊರಿನವರಿಗೆಲ್ಲ ನಂಬರು ಜೋಡಿಸಿಕೊಡುತ್ತಿದ್ದಳು. ಪಾಳಿ ಮುಗಿಸಿ ಬಂದು, ಇನ್ನೂ ಯಂತ್ರದ ಗುರುತು ಕೆನ್ನೆಯ ಮೇಲಿರುವಾಗಲೇ ಅವನಿಗೆ ಬಡಿಸುತ್ತಿದ್ದಳು. ಅವನು ಉಂಡೇಳುವ ತನಕ ತಾನು ಕೂರುತ್ತಿರಲಿಲ್ಲ. ಅಂಥವಳು ಬೇರೆ ಒಲೆ ಹೂಡಿದಳೆಂದರೆ ಸುಮ್ಮನೆ ಹೂಡಿರುವುದಿಲ್ಲ. ಎಲ್ಲೋ ನಾನೇ ಏನೋ ಅಂದಿದ್ದೇನೆ. ಏನಂದೆ?

ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ, ಅದು ಮೊದಲಿನಿಂದಲೂ ಅಲ್ಲೇ ಮುಳ್ಳಿನಂತೆ ಇತ್ತು. ಹೋದ ವರ್ಷ ನಿರ್ದೇಶಕರನ್ನು ಊಟಕ್ಕೆ ಕರೆದ ದಿನ. ಬಡಿಸಿ ಮುಗಿಸಿದ ಅಕ್ಕ ಒರಗು ಕುರ್ಚಿಯಲ್ಲಿ ಆಗ ತಾನೇ ಕೂತಿದ್ದಳು. ಅವಲಂಬನೆಯ ಪ್ರಮಾಣ ಅಂದರೇನು ಎಂದು ನಿರ್ದೇಶಕರ ಹೆಂಡತಿ ಕೇಳಿದರು, ಸುಮ್ಮನೆ ಮಾತಿಗೆ. ದುಡಿಯುವ ವಯಸ್ಸಿನವರ ಮೇಲೆ ದುಡಿಯದ ಎಷ್ಟು ಜನರ ಭಾರ ಬೀಳುತ್ತದೆ ಎಂಬ ಲೆಕ್ಕ ಎಂದು ಹೇಳಿ ಅವನು ಅಲ್ಲಿಗೆ ಬಿಡಬಹುದಿತ್ತು. ಬಿಡದೆ, 'ನಮ್ಮ ಮನೆಯನ್ನೇ ತಗೊಳ್ಳಿ ಮೇಡಂ. ದುಡಿಯೋರು ಇಬ್ಬರು, ತಿನ್ನೋರು ನಾಲ್ವರು' ಎಂದು ಅಕ್ಕನ ಕಡೆಗೂ ಮಗಳ ಕಡೆಗೂ ಬೆರಳು ಆಡಿಸಿದ್ದ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ನಗುತ್ತ ಎದ್ದು ಒಳಗೆ ಹೋಗಿ ಪಾತ್ರೆ ತೊಳೆದಳು. ಅಕ್ಕನಿಗೆ ಪಿಂಚಣಿ ಬರುತ್ತದೆಂದೂ ಮಗಳ ಫೀಸು ಅದರಿಂದಲೇ ಹೋಗುತ್ತದೆಂದೂ ಆ ಕ್ಷಣದಲ್ಲೇ ಅವನಿಗೆ ಹೊಳೆದು, ತಮಾಷೆ ಕೆಡುತ್ತದೆಂದು ನಾಲಗೆ ಕಚ್ಚಿಕೊಂಡಿದ್ದ. ಅದೇ. ಅದಲ್ಲದೆ ಇನ್ನೇನು? ಕಾರಣ ಸಿಕ್ಕಿದ್ದೇ ಅವನಿಗೆ ನಾಚಿಕೆಯ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ತಪ್ಪು ಇಂಥದ್ದು ಎಂದು ಗೊತ್ತಾದರೆ ಕ್ಷಮೆ ಕೇಳಬಹುದು. ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ, ಯಾವಾಗ ಹಾಕಿಕೊಂಡಿಲ್ಲ? ಈ ಮಧ್ಯಾಹ್ನವೇ ಹೋಗಿ ಕೇಳುತ್ತೇನೆ. ಸಂಜೆಗೆ ನಾಲ್ಕು ತಟ್ಟೆ ಇಡಿಸುತ್ತೇನೆ. ಎರಡನೇ ಗೆರೆಯನ್ನು ಹೊಡೆದು ಹಾಕಿ ಮೊದಲನೇ ಗೆರೆಯಲ್ಲಿ ನಾಲ್ಕು ಎಂದು ಬರೆಯುತ್ತೇನೆ. ಮೆಟ್ಟಿಲಿಳಿಯುವಾಗ ಈ ವಾಕ್ಯಗಳನ್ನು ಅವನು ತುಟಿಯಲ್ಲೇ ಹೇಳಿಕೊಂಡ.

ಪರಿಶೀಲನೆಗೆ ಹೋಗುವಾಗ ಆ ಬ್ಲಾಕಿನ ಗಣತಿದಾರರು ಜೊತೆಗಿರಬೇಕೆಂಬುದು ನಿಯಮ. ಬೀದಿಯ ತುದಿಯಲ್ಲಿ ಆ ಬ್ಲಾಕನ್ನು ಎಣಿಸಿದ ಶಾಲೆಯ ಟೀಚರ್ ಒಬ್ಬರು ಕೈಚೀಲ ಎದೆಗವಚಿಕೊಂಡು ನಿಂತಿದ್ದರು. ಅವನನ್ನು ಕಂಡದ್ದೇ ಅವರ ಮುಖ ಬಿಳಿಚಿತು. ಇಬ್ಬರೂ ಮೊದಲ ಕೆಲವು ಮನೆ ಮುಗಿಸಿದರು. ಎಲ್ಲ ಸರಿಯಾಗಿತ್ತು; ಅಚ್ಚುಕಟ್ಟಾದ ಕೆಲಸ, ಒಂದು ವಯಸ್ಸೂ ಹೆಚ್ಚುಕಡಿಮೆ ಇಲ್ಲ. ಹಾಗಾಗಿಯೇ ಅವನ ನಡಿಗೆ ನಿಧಾನವಾಯಿತು. ನಲವತ್ತೊಂದು ಹತ್ತಿರ ಬಂದಾಗ ಟೀಚರ್ ನಿಂತುಬಿಟ್ಟರು.

'ಸರ್, ಒಂದು ಮಾತು. ಬೈಬಾರ್ದು.'

'ಹೇಳಿ.'

'ಆ ಎರಡನೇ ಕುಟುಂಬ ನಾನೇ ಬರೆದದ್ದು. ಬೇರೆ ದಾರಿ ಕಾಣ್ಲಿಲ್ಲ ಸರ್. ನೀವು ಮೂರು ಅಂದ್ರಿ.'

'ಯಾರು ಅಂದದ್ದು?'

'ನೀವೇ ಸರ್. ಹತ್ತು ತಿಂಗಳ ಹಿಂದೆ, ಭಾನುವಾರ ಬಂದಿದ್ನಲ್ಲ. ಬಾಗಿಲಲ್ಲಿ ನೀವೇ ಇದ್ರಿ. ಮನೆಯಲ್ಲಿ ಎಷ್ಟು ಜನ ಅಂತ ಕೇಳ್ದೆ. ಮೂರು ಅಂದ್ರಿ. ನಾನು, ಹೆಂಡತಿ, ಮಗಳು ಅಂತ ಬೆರಳು ಮಡಿಸಿ ಹೇಳಿದ್ರಿ. ಓದಿ ನೋಡಿ ಸಹಿನೂ ಹಾಕಿದ್ರಿ.'

ಆ ಬೆಳಿಗ್ಗೆ ಒಮ್ಮೆಲೇ ಎದುರು ಬಂದು ನಿಂತಿತು. ಅವನು ಅಂದು ಬಾಗಿಲಿಗೆ ಒರಗಿ ನಿಂತಿದ್ದ. ಮನೆ ಬಾಗಿಲಿಗೆ ಗಣತಿ ಬಂದದ್ದು ಅವನಿಗೆ ಖುಷಿ. ಹಲ್ಲಿನ ವೈದ್ಯನ ಮನೆಗೆ ಹಲ್ಲುನೋವಿನವನು ಬಂದ ಹಾಗೆ. ಪೆನ್ನು ಹಿಡಿದದ್ದು ಸರಿಯಿಲ್ಲ, ಗೆರೆಯ ಹೊರಗೆ ಬರೆದಿದ್ದೀರಿ, ಮೊದಲು ಕುಟುಂಬ ಅಂದರೇನು ಅಂತ ಹೇಳಿ ಆಮೇಲೆ ಪ್ರಶ್ನೆ ಕೇಳಬೇಕು, ನಿಮಗೆ ತರಬೇತಿ ಕೊಟ್ಟವರು ಯಾರು ಎಂದು ಆ ಹೆಂಗಸಿನ ತಲೆ ತಿಂದಿದ್ದ. ತರಬೇತಿ ಕೊಟ್ಟವನು ತಾನೇ ಎಂಬುದು ಆ ತಮಾಷೆಯ ಕೊನೆ. ಒಳಗೆ ಮೇಜಿನ ಮೇಲೆ ಅವನ ವರದಿಯ ಕರಡು ತೆರೆದಿತ್ತು: ಈ ಗಣತಿಯಲ್ಲಿ ಸರಾಸರಿ ಗಾತ್ರ ಮೂರಕ್ಕೆ ಇಳಿಯಬಹುದೆಂಬ ಅಂದಾಜು. ಮೂರು ಎಂಬುದು ಆ ವಾರವೆಲ್ಲ ಅವನ ಬಾಯಲ್ಲಿತ್ತು. ಹಾಗಾಗಿ ಬಂದಿತೋ? ಅಥವಾ, ಅಕ್ಕ ಎಂಬವಳು ಗೋಡೆಯ ಹಾಗೆ, ಕಿಟಕಿಯ ಹಾಗೆ ಇದ್ದೇ ಇರುವವಳಾದ್ದರಿಂದ ಎಣಿಕೆಗೆ ಸಿಗಲಿಲ್ಲವೋ? ಅಥವಾ, ಇದನ್ನು ಯೋಚಿಸುವಾಗ ಅವನ ಕಿವಿ ಬಿಸಿಯಾಯಿತು, ಮೂರು ಜನರ ಮನೆ ನೋಡಲು ಚೆನ್ನಾಗಿರುತ್ತದೆ ಎಂದು ಎಲ್ಲೋ ಒಳಗೆ ಅನಿಸಿತ್ತೋ? ಬೆರಳು ಮಡಿಸಿದ್ದು ಈಗ ಚೆನ್ನಾಗಿ ನೆನಪಾಯಿತು. ಮೂರು ಮಡಿಸಿ, ಉಳಿದೆರಡು ಬೆರಳನ್ನು ಹಾಗೇ ಬಿಟ್ಟಿದ್ದ.

'ಸಹಿ ಆದ ಮೇಲೆ ನಿಮ್ಮನೆ ಪಕ್ಕದ ಓಣಿಯಲ್ಲಿ ಹೋಗ್ತಿದ್ದೆ' ಎಂದು ಟೀಚರ್ ನೆಲ ನೋಡಿಕೊಂಡು ಹೇಳುತ್ತಿದ್ದರು. 'ಅವರು ಬಟ್ಟೆ ಒಣಗಿಸ್ತಿದ್ರು. ಮೂರು ಅಂತ ಬರ್ಕೊಂಡ್ರಾ ಅಂತ ಅವರೇ ಕೇಳಿದ್ರು. ಹೌದು ಅಂದೆ. ನೀವು ಯಾರ ಮನೆಯವರು ಅಂತ ಕೇಳ್ದೆ. ಒಂದು ಬಟ್ಟೆ ಹಿಂಡಿ ಹಾಕೋ ತನಕ ಮಾತಾಡ್ಲಿಲ್ಲ. ಆಮೇಲೆ ಈ ಹಿಂದಿನ ಕೋಣೆಯವಳು ಅಂದ್ರು. ನಾನು ತಿರುಗಿ ಬಂದು ನಿಮ್ಮನ್ನ ಕೇಳ್ಬೇಕಿತ್ತು ಸರ್. ಭಯ ಆಯ್ತು. ಅಷ್ಟೊತ್ತು ಬೈಸ್ಕೊಂಡಿದ್ನಲ್ಲ.'

ಬಾಗಿಲಿಂದ ಓಣಿಗೆ ಆರು ಹೆಜ್ಜೆ. ನಡುವೆ ಒಂದು ಕಿಟಕಿ, ಅದು ಸದಾ ತೆರೆದಿರುತ್ತದೆ. ಮೂವತ್ತೆರಡು ವರ್ಷ ಎಲ್ಲೆಲ್ಲಿನ ಪಿಸುಮಾತಿಗೂ ಕಿವಿಗೊಟ್ಟು ಕೂತ ಹೆಂಗಸಿಗೆ ಆರು ಹೆಜ್ಜೆ ಏನೂ ಅಲ್ಲ.

ಓಣಿಯ ಕಡೆಗಿದ್ದ ಅಕ್ಕನ ಕೋಣೆಯ ಬಾಗಿಲು ತೆರೆದೇ ಇತ್ತು. ಈ ಬಾಗಿಲಿನಿಂದ ಅವನು ಎಂದೂ ಒಳಗೆ ಹೋದವನಲ್ಲ. ಒಳಗೆಲ್ಲ ಹೊಸದಾಗಿ ಕಂಡಿತು. ಮಂಚ, ಒಂದು ಕುರ್ಚಿ, ರೇಡಿಯೋ. ಕಿಟಕಿಯ ಕೆಳಗೆ ಮೇಜಿನ ಮೇಲೆ ಒಂದೇ ಉರಿಯ ಗ್ಯಾಸ್ ಸ್ಟೌ, ಮುಚ್ಚಿಟ್ಟ ಒಂದು ಸಣ್ಣ ಪಾತ್ರೆ, ಕವುಚಿಟ್ಟ ಒಂದು ತಟ್ಟೆ. ಎಲ್ಲ ಎಷ್ಟು ಒಪ್ಪವಾಗಿತ್ತೆಂದರೆ ಇಲ್ಲಿ ಯಾರೂ ಸಿಟ್ಟಿನಲ್ಲಿ ಬದುಕುತ್ತಿಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

'ಬನ್ನಿ ಟೀಚರ್' ಎಂದಳು ಅಕ್ಕ. ಹಿಂದೆ ಅವನನ್ನು ಕಂಡು, 'ಓ, ನೀನೂ ಬಂದ್ಯಾ ಮರಿ? ಏನು, ಲೆಕ್ಕದಲ್ಲಿ ತಪ್ಪಾಗಿದ್ಯಾ?'

'ನಿಯಮ' ಎಂದ ಅವನು. ಹಾಳೆ ಬಿಡಿಸಿದ. 'ಕೆಲವು ಪ್ರಶ್ನೆ ಕೇಳ್ಬೇಕು.'

'ಕೇಳು.'

'ಇಲ್ಲಿ ಎಷ್ಟು ಜನ?'

'ಒಬ್ಬಳು.'

'ಯಜಮಾನರು?'

'ನಾನೇ.' ಅವಳಿಗೆ ಸ್ವಲ್ಪ ನಗು ಬಂತು. ಎಕ್ಸ್‌ಚೇಂಜಿನ ದಿನಗಳ ಹಾಗೆ ಚುಟುಕಾಗಿ, ಸ್ಪಷ್ಟವಾಗಿ ಉತ್ತರಿಸುತ್ತಿದ್ದಳು.

ಅಡುಗೆಮನೆ ಎಂಬ ಸಾಲಿಗೆ ಬಂದಾಗ ಅವನು ಹಾಳೆ ಕೆಳಗಿಟ್ಟ. ಟೀಚರ್ ಇರುವುದನ್ನೂ ಮರೆತು, ಮೆಟ್ಟಿಲ ಮೇಲೆ ಬಾಯಿಪಾಠ ಮಾಡಿದ್ದನ್ನು ಹೇಳಿಬಿಟ್ಟ; ಬೇರೆ ಯಾವುದನ್ನು ಹೇಳಲೂ ಧೈರ್ಯವಿರಲಿಲ್ಲ. 'ಅಕ್ಕ, ಅವತ್ತು ನಾನು ಹಾಗೆ ಅನ್ನಬಾರದಿತ್ತು. ನಿರ್ದೇಶಕರು ಊಟಕ್ಕೆ ಬಂದಾಗ.'

'ಏನಂದಿದ್ದೆ?'

'ದುಡಿಯೋರು ಇಬ್ಬರು, ತಿನ್ನೋರು ನಾಲ್ವರು ಅಂತ.'

ಅಕ್ಕ ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡಳು. ಅವಳಿಗೆ ನಿಜವಾಗಿಯೂ ಮರೆತಿತ್ತು. 'ಅದಾ? ಅದರಲ್ಲೇನಿದೆ? ನಾಲ್ಕು ಅಂದಿದ್ದೆಯಲ್ಲ.'

ಅವನಿಗೆ ಕೂರಬೇಕೆನಿಸಿತು. ಕುರ್ಚಿ ಒಂದೇ ಇತ್ತು, ಅದರಲ್ಲಿ ಟೀಚರ್ ಕೂತಿದ್ದರು. ಗೋಡೆಗೆ ಬೆನ್ನು ಕೊಟ್ಟು ನಿಂತ. ತಾನು ಇಷ್ಟು ದಿನ ನಾಚಿಕೊಂಡಿದ್ದ ಮಾತಿನಲ್ಲಿ ಅವಳು ತನ್ನನ್ನು ಕಂಡುಕೊಂಡು ನೆಮ್ಮದಿಯಾಗಿದ್ದಳು. ಭಾರ ಎಂದರೂ ಸರಿಯೇ, ಎಣಿಸಿದ್ದನಲ್ಲ.

'ಯಾವಾಗಿಂದ ಬೇರೆ ಮಾಡ್ಕೋತಿದೀಯ?' ಎಂದು ಕೇಳಿದ.

'ಅವರು ಬರ್ಕೊಂಡು ಹೋದ ದಿನದಿಂದ.'

'ಅದಕ್ಕೆ ಮುಂಚೆ?'

'ಅದಕ್ಕೆ ಮುಂಚೆ ನಿಮ್ಮ ಜೊತೇನೇ ಉಣ್ತಿದ್ನಲ್ಲೋ.' ಅಕ್ಕ ಸೆರಗಿನಿಂದ ಮೇಜಿನ ಅಂಚು ಒರೆಸಿದಳು, ಅಲ್ಲಿ ಏನೂ ಇರಲಿಲ್ಲ. 'ಇವರು ಕೇಳಿದ್ರು, ನಿಮ್ಮ ಅಡುಗೆ ಬೇರೆಯಾ, ಒಟ್ಟಿಗಾ ಅಂತ. ಒಟ್ಟಿಗೆ ಅಂದ್ರೆ ನೀನು ಹೇಳಿದ್ದು ಸುಳ್ಳಾಗತ್ತೆ. ದೊಡ್ಡ ಆಫೀಸರು, ಆಗಲೇ ಸಹಿ ಹಾಕಿದೀಯ. ಬೇರೆ ಅಂದೆ. ಅಂದ ಮೇಲೆ ನನ್ನದು ಸುಳ್ಳಾಗಬಾರದಲ್ಲ. ಸಂಜೆ ಹೋಗಿ ಈ ಸ್ಟೌ ತಂದೆ.'

ಹೊರಗೆ ಓಣಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಬದುಕು ಹೇಗಿದೆಯೋ ಹಾಗೆ ಕಾಗದಕ್ಕೆ ಇಳಿಯುತ್ತದೆ ಎಂದು ಇಪ್ಪತ್ತೈದು ವರ್ಷ ನಂಬಿ ಸಂಬಳ ತೆಗೆದುಕೊಂಡಿದ್ದ. ಇಲ್ಲಿ ಒಬ್ಬ ಹೆಂಗಸು ತಮ್ಮನ ಕಾಗದವನ್ನು ಉಳಿಸಲು ತನ್ನ ಬದುಕನ್ನೇ ಅದಕ್ಕೆ ಸರಿಯಾಗಿ ಕತ್ತರಿಸಿಕೊಂಡಿದ್ದಳು. ಆ ನಾನೂರ ಮೂವತ್ತೊಂದರಲ್ಲಿ ಇಂಥವರು ಇನ್ನೆಷ್ಟು ಜನವೋ. ಅವರನ್ನೆಲ್ಲ ಸೇರಿಸಿ ಅವನು ಬೆಳಿಗ್ಗೆ ಅಭಿವೃದ್ಧಿ ಎಂದು ಹೇಳಿ ಬಂದಿದ್ದ.

'ಪೆನ್ನು ಕೊಡಿ' ಎಂದು ಟೀಚರ್ ಕಡೆ ಕೈ ಚಾಚಿದ. 'ಇದನ್ನ ಹೊಡೆದು ಹಾಕ್ತೀನಿ. ಮೇಲೆ ನಾಲ್ಕು ಅಂತ ಬರೀತೀನಿ.'

'ಮರಿ' ಎಂದಳು ಅಕ್ಕ. ದನಿಯೇನೂ ಏರಲಿಲ್ಲ. 'ಆ ಮೂರರಲ್ಲಿ ನಾನಿರಲಿಲ್ಲ. ಈಗ ಈ ಒಂದನ್ನೂ ಹೊಡೆದು ಹಾಕ್ತೀಯಾ? ಇರೋದನ್ನ ಇದ್ದ ಹಾಗೆ ಬರೀಬೇಕು ಅಂತ ನೀನೇ ಅಲ್ವಾ ಹೇಳಿಕೊಡೋದು? ಇರೋದು ಹೀಗೇನೇ.'

ಟೀಚರ್ ಪೆನ್ನನ್ನು ಕೊಡಲೂ ಇಲ್ಲ, ಮರೆಮಾಡಲೂ ಇಲ್ಲ. ಸ್ವಲ್ಪ ಹೊತ್ತು ನೋಡಿ, ಮುಂದಿನ ಮನೆಯ ಹತ್ತಿರ ಇರ್ತೀನಿ ಸರ್ ಎಂದು ಎದ್ದು ಹೋದರು. ಅವರು ಹೋದ ಮೇಲೆ ಅವನು ಆ ಕುರ್ಚಿಯಲ್ಲಿ ಕೂತ. ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ನಿನ್ನನ್ನು ಬಿಟ್ಟು ಎಣಿಸಿದೆ, ಯಾಕೆಂದು ನನಗೇ ಗೊತ್ತಿಲ್ಲ, ಇಷ್ಟೇ ಹೇಳಬೇಕಿತ್ತು. ಹುಡುಗನಾಗಿದ್ದಾಗ ಅಕ್ಕನ ಜೊತೆ ಎಂಥ ಜಗಳವಾದರೂ ಅದನ್ನು ಮುಗಿಸಲು ಅವನಿಗೆ ಒಂದೇ ಉಪಾಯ ಗೊತ್ತಿತ್ತು. ಐವತ್ತರಲ್ಲೂ ಬೇರೊಂದು ಕಲಿತಿರಲಿಲ್ಲ.

'ಅಕ್ಕ, ಹಸಿವಾಗ್ತಿದೆ' ಎಂದ.

ಅವಳು ಥಟ್ಟನೆ ಎದ್ದಳು. ಕಾಲಿಗೆ ಮೊದಲು ಕೇಳಿಸಿದ ಹಾಗೆ ಎದ್ದು, ತಟ್ಟೆಯನ್ನು ಮಗುಚಿ, ಪಾತ್ರೆಯ ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತಳು. ಅವನು ಕುರ್ಚಿಯಿಂದಲೇ ನೋಡಿದ. ಪಾತ್ರೆಯ ತಳದಲ್ಲಿ ಒಂದೆರಡು ತುತ್ತು ಅನ್ನ ಅಂಟಿಕೊಂಡಿತ್ತು; ಒಬ್ಬರಿಗಾಗುವಷ್ಟೇ ಮಾಡಿದ್ದನ್ನು ಅವಳು ಆಗಲೇ ಉಂಡಿದ್ದಳು. ಅವಳ ಮುಖದಲ್ಲಿ ಸೇಡಿಲ್ಲ, ಬೇಸರವಿಲ್ಲ. ತನ್ನಿಂದ ಹೀಗಾಯಿತಲ್ಲ ಎಂಬ ಬೆರಗು ಮಾತ್ರ ಇತ್ತು. ಅವನು ಹಸಿವೆಂದಾಗ ಬಡಿಸಲು ಏನೂ ಇಲ್ಲದೆ ಅವಳು ನಿಂತದ್ದು ಮೂವತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿ ಅವಳು ಅವನ ಕಡೆ ತಿರುಗಿದಳು.

'ಇನ್ನೊಂದು ಸಲ ಬರೋವಾಗ ಮೊದಲೇ ಹೇಳಿ ಬಾ ಮರಿ' ಎಂದಳು. 'ಒಂದು ಹಿಡಿ ಜಾಸ್ತಿ ಹಾಕಿರ್ತೀನಿ.'